ವರದಿಯಲ್ಲಿ ಬರೆದ ಹಲಸಿನ ಹಣ್ಣು

ಸಭೆಯ ಅಧ್ಯಕ್ಷರಾದ ಪಟೇಲ್ ಹುಚ್ಚಯ್ಯನವರೇ, ನಾಗಮಂಗಲಕ್ಕೆ ವರ್ಗವಾಗಿ ಹೊರಟುನಿಂತಿರುವ ನಮ್ಮ ಡಾಕ್ಟರ್ ಮಂಚಯ್ಯನವರೇ, ಅವರ ಮನೆಯವರೇ, ಕೃಷ್ಣರಾಜಪೇಟೆಯಿಂದಲೂ ಕಿಕ್ಕೇರಿಯಿಂದಲೂ ಎತ್ತಿನ ಗಾಡಿಯಲ್ಲಿ ಬೆನ್ನು ನೋಯಿಸಿಕೊಂಡು ಬಂದಿರುವ ಅತಿಥಿಗಳೇ, ಬಾಗಿಲ ಬಳಿ ಸೇರಿರುವ ತಾಯಂದಿರೇ, ಸಭಿಕರೇ,

ಮೊದಲಿಗೆ ಒಂದು ಕ್ಷಮೆ ಕೇಳಿಕೊಳ್ಳುತ್ತೇನೆ. ಇಷ್ಟು ಜನ ದೊಡ್ಡವರ ಎದುರಿಗೆ ನಾನು ಕುಳಿತೇ ಮಾತಾಡುತ್ತೇನೆ. ಅಂದಾನಯ್ಯನಿಗೆ ವಾಚನಾಲಯದ ಬೀಗದಕೈ ಕೊಟ್ಟದ್ದೇ ತಡ, ತಲೆ ತಿರುಗಿಹೋಯಿತು ಎಂದು ಹಿಂದಿನ ಸಾಲಿನವರು ಅಂದುಕೊಳ್ಳಬಾರದು. ಎದ್ದು ನಿಂತರೆ ನನಗೆ ನಷ್ಟವಾಗುತ್ತದೆ. ಹೇಗೆ ಎಂಬುದೇ ನನ್ನ ಇವತ್ತಿನ ಭಾಷಣ.

ಡಾಕ್ಟರರು ಮಲೇರಿಯಾಕ್ಕೆ ಮದ್ದು ಕೊಟ್ಟದ್ದು, ಪ್ಲೇಗು ಬಂದಾಗ ಮನೆಮನೆಗೆ ನಡೆದದ್ದು, ಎಲ್ಲವನ್ನೂ ಹಿಂದೆ ಮಾತಾಡಿದವರು ಹೇಳಿದ್ದಾರೆ. ನಾನು ಹೇಳುವುದು ಬೇರೆ. ಈ ಡಾಕ್ಟರು ಒಂದು ಕಾಲದಲ್ಲಿ ನನ್ನ ಬಾಯಿಗೆ ಮಣ್ಣು ಹಾಕಿದವರು. ಗಾಬರಿಯಾಗಬೇಡಿ. ಅವರೇ ನಗುತ್ತಿದ್ದಾರೆ, ನೋಡಿ.

ಒಂಬತ್ತು ವರ್ಷದ ಹಿಂದಿನ ಮಾತು. ಹಿರೋಡೆಯ ಆಚೆ ಗುತ್ತಿಗೆದಾರರೊಬ್ಬರ ಕೈಕೆಳಗೆ ನಾನು ನಾಲೆ ಕೆಲಸದಲ್ಲಿದ್ದೆ. ಬಂಡೆ ಸಿಡಿಸುವ ತಂಡ ನಮ್ಮದು. ಆಗ ನಾನು ಹೇಗಿದ್ದೆ ಎಂಬುದನ್ನು ನಿಮ್ಮಲ್ಲಿ ವಯಸ್ಸಾದವರು ಬಲ್ಲರು. ಅರಳಿಕಟ್ಟೆಯ ಹತ್ತಿರದ ಗುಂಡುಕಲ್ಲನ್ನು ಎತ್ತಿ ಹೆಗಲಿನ ಮೇಲಿಂದ ಹಿಂದಕ್ಕೆ ಹಾಕುತ್ತಿದ್ದವನು ಈ ಹೋಬಳಿಯಲ್ಲಿ ನಾನೊಬ್ಬನೇ. ಹುಚ್ಚಯ್ಯನವರು ಕೂಡ ಒಮ್ಮೆ ಪ್ರಯತ್ನಪಟ್ಟಿದ್ದರು. ಅಧ್ಯಕ್ಷರು, ಆದ್ದರಿಂದ ಅದರ ವಿವರ ಬೇಡ.

ಒಂದು ದಿನ ಸಿಡಿದ ಬಂಡೆಯ ಅರ್ಧ ಜಾರಿ ನನ್ನ ಸೊಂಟದ ಮೇಲೆ ಕುಳಿತಿತು. ಮೈಸೂರಿನ ಆಸ್ಪತ್ರೆಯಲ್ಲಿ ಐದು ತಿಂಗಳು ಮಲಗಿದೆ. ಮೂಳೆ ಕೂಡಿತು. ಆದರೆ ಬಲಗಾಲು ಮೊದಲಿನದಾಗಲಿಲ್ಲ. ಎರಡು ನಿಮಿಷ ನಿಂತರೆ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹರಿದ ಹಾಗಾಗುತ್ತಿತ್ತು. ಕೆಲಸದಲ್ಲಿ ಊನವಾದವರಿಗೆ ತಿಂಗಳು ತಿಂಗಳು ಪರಿಹಾರ ಕೊಡುವ ಏರ್ಪಾಡು ಉಂಟು ಎಂದು ಚಿಕ್ಕಸ್ವಾಮಿ ಮೇಷ್ಟ್ರು ಹೇಳಿದರು, ಅವರೇ ಅರ್ಜಿಯನ್ನೂ ಬರೆದರು. ಆಗ ನನಗೆ ಅಕ್ಷರ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದೆ. ನನ್ನ ಹೆಂಡತಿ ಸಿದ್ದಲಿಂಗಮ್ಮ ಅಷ್ಟು ಹೊತ್ತಿಗೆ ಕಿಕ್ಕೇರಿ ರಸ್ತೆಗೆ ಜಲ್ಲಿ ಒಡೆಯಲು ಹೋಗುತ್ತಿದ್ದಳು. ಪರಿಹಾರ ಬಂದರೆ ಅವಳು ಸುತ್ತಿಗೆ ಕೆಳಗಿಡಬಹುದು, ಇಲ್ಲದಿದ್ದರೆ ಇಲ್ಲ. ಇಷ್ಟೇ ಲೆಕ್ಕ. ಅವಳ ಅಂಗೈ ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಪರೀಕ್ಷೆಗೆ ಇದೇ ಊರಿನ ಔಷಧಾಲಯಕ್ಕೆ ಬರಬೇಕೆಂದು ಕಾಗದ ಬಂತು. ಡಾಕ್ಟರರು ಆಗ ಹೊಸಬರು. ದೊಡ್ಡವರನ್ನು ನೋಡಲು ಬರಿಗೈಯಲ್ಲಿ ಹೋಗುವುದುಂಟೇ? ಹಿತ್ತಲ ಮರದಲ್ಲಿ ಹಣ್ಣಾಗಿದ್ದ ಹಲಸನ್ನು ಸಿದ್ದಲಿಂಗಮ್ಮ ತಲೆಯ ಮೇಲೆ ಹೊತ್ತು ಗೇಟಿನವರೆಗೆ ತಂದಳು. ನಾನು ಕೋಲೂರಿಕೊಂಡು ಅವಳ ಹಿಂದೆ ಬಂದೆ. ಗೇಟಿನಲ್ಲಿ ನಾನೇನು ಮಾಡಿದೆ? ಕೋಲನ್ನು ಅವಳ ಕೈಗೆ ಕೊಟ್ಟೆ. ಹಣ್ಣನ್ನು ನನ್ನ ಹೆಗಲಿಗೆ ಏರಿಸಿಕೊಂಡೆ. ಗೇಟಿನಿಂದ ಜಗಲಿಗೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆ ನಡೆದದ್ದನ್ನು ಇವತ್ತಿಗೂ ಈ ಕಾಲು ಮರೆತಿಲ್ಲ. ಡಾಕ್ಟರರು ಕಿಟಕಿಯಲ್ಲಿ ನೋಡುತ್ತಿದ್ದರು.

ಒಳಗೆ ಹೋದೆ. ಅವರು ಕುಳಿತಿದ್ದರು, ನಾನು ನಿಂತೆ. ಅವರೆದುರು ಕೂರುವುದು ಹೇಗೆ? ಅರ್ಧ ಗಂಟೆ ಮುಟ್ಟಿ ನೋಡಿದರು, ಬರೆದುಕೊಂಡರು, ನಾನು ಕೈಮುಗಿದುಕೊಂಡು ನಿಂತೇ ಇದ್ದೆ. ಕೊನೆಗೆ ಕೇಳಿದರು: “ಹೇಗಿದ್ದೀಯಪ್ಪ?” ದೊಡ್ಡವರು ಹಾಗೆ ಕೇಳಿದರೆ ನಾವು ಏನು ಹೇಳುತ್ತೇವೆ? ನಾನೂ ಅದನ್ನೇ ಹೇಳಿದೆ: “ತಮ್ಮ ದಯದಿಂದ ಚೆನ್ನಾಗಿದ್ದೀನಿ ಬುದ್ಧಿ.”

ಅವರು ಹಲಸಿನ ಹಣ್ಣನ್ನು ಮುಟ್ಟಲಿಲ್ಲ. ಜಗಲಿಯಲ್ಲಿದ್ದ ರೋಗಿಗಳಿಗೆ ಹಂಚಿಸಿದರು. ತೊಳೆ ಅವರಿಗೆ ಸಿಕ್ಕಿತು, ನನಗೆ ವರದಿ ಸಿಕ್ಕಿತು.

ತಿಂಗಳ ಮೇಲೆ ಆರ್ಡರು ಬಂತು. ಮೇಷ್ಟ್ರು ಓದಿದರು. “ಅರ್ಜಿದಾರನು ಸುಮಾರು ಒಂದು ಮಣ ತೂಕದ ಹಲಸಿನ ಹಣ್ಣನ್ನು ಹೆಗಲಿನ ಮೇಲೆ ಹೊತ್ತು ಕೋಲಿನ ಸಹಾಯವಿಲ್ಲದೆ ನಡೆದು ಬಂದನು. ಪರೀಕ್ಷೆ ಮುಗಿಯುವವರೆಗೆ ನಿಂತೇ ಇದ್ದನು. ವಿಚಾರಿಸಲಾಗಿ ತಾನು ಚೆನ್ನಾಗಿರುವುದಾಗಿ ಹೇಳಿದನು. ಕೆಲಸ ಮಾಡಲು ಶಕ್ತನು. ಅರ್ಜಿ ವಜಾ.” ಮೂರು ಸಲ ಓದಿಸಿದೆ, ಮೂರು ಸಲವೂ ಹಾಗೆಯೇ ಇತ್ತು. ಅದರಲ್ಲಿ ಒಂದು ಮಾತಾದರೂ ಸುಳ್ಳೇ? ಇಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು.

ನಾನು ಡಾಕ್ಟರರನ್ನು ಬಾಯಿಗೆ ಬಂದಂತೆ ಬೈದೆ. ಸಿದ್ದಲಿಂಗಮ್ಮ ಅಂದಳು: “ಅವ್ರನ್ಯಾಕೆ ಬೈದೀಯೆ? ಗೇಟ್ನಾಗೆ ಕೋಲ ನನ್ ಕೈಗೆ ಕೊಟ್ಟೋನು ನೀನು. ಜಗಲಿ ಮ್ಯಾಲೆ ನಮ್ಮೂರೋರು ಕುಂತಿದ್ರು, ಅದ್ಕೇ ಕೊಟ್ಟೆ.”

ಸಭಿಕರೇ, ಮರ್ಯಾದೆಗಾಗಿ ಹಣ್ಣು ಹೊತ್ತೆ ಎಂದು ಇಷ್ಟು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ತಾನೇ ನಿಮಗೂ ಹಾಗೆಯೇ ಹೇಳಿದೆ. ಅವಳು ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ, ಆದ್ದರಿಂದ ನಿಜ ಹೇಳಬೇಕು. ಗುಂಡುಕಲ್ಲು ಎತ್ತಿದ ಅಂದಾನಯ್ಯ ಕುಂಟುತ್ತಾ ಬಂದ ಎಂದು ಜಗಲಿಯವರು ಅನ್ನಬಾರದಾಗಿತ್ತು. ಅಷ್ಟೇ. ನನ್ನ ಆ ಬಿಂಕಕ್ಕೆ ಅವಳು ಇನ್ನೂ ನಾಲ್ಕು ತಿಂಗಳು ಜಲ್ಲಿ ಒಡೆದಳು.

ಇರಲಿ, ಎಲ್ಲಿಗೋ ಹೋದೆ. ಮೇಲಿನವರಿಗೆ ಮನವಿ ಹಾಕಿಕೊಳ್ಳಲು ಅರವತ್ತು ದಿನ ಅವಕಾಶವಿತ್ತು. ಮೇಷ್ಟ್ರು ಬರೆದರು. ಆದರೆ ನನಗೊಂದು ಹಟ ಬಂತು. ನನ್ನ ಮೇಲೆ ಬರೆದದ್ದನ್ನು ನಾನೇ ಓದಿಕೊಳ್ಳಬೇಕು. ಮೂವತ್ತಾರನೆಯ ವಯಸ್ಸಿನಲ್ಲಿ ಮೇಷ್ಟ್ರ ಜಗಲಿಯಲ್ಲಿ ಕುಳಿತು ಅ ಆ ತಿದ್ದಿದೆ. ಬೇರೆಯವರು ಮೊದಲು ಓದುವುದು ಅರಸ, ಆಟ. ನಾನು ಮೊದಲು ಕೂಡಿಸಿ ಓದಿದ ಪದ ‘ಹಲಸಿನ’.

ಇನ್ನೊಂದು ಪಾಠ ಮನೆಯಲ್ಲಿ ನಡೆಯಿತು. ವಿಚಾರಣೆಯ ದಿನ ಸಾಹೇಬರ ಎದುರಿಗೆ ಕುಳಿತಿರುವುದನ್ನು ಕಲಿಯಬೇಕಾಗಿತ್ತು. ಸಿದ್ದಲಿಂಗಮ್ಮ ನನ್ನ ರುಮಾಲು ಸುತ್ತಿಕೊಂಡು, ಕೆಮ್ಮಿ, ಒಳಗೆ ಬರುತ್ತಿದ್ದಳು. ನಾನು ತಟ್ಟನೆ ಎದ್ದುಬಿಡುತ್ತಿದ್ದೆ. “ಕುಂತ್ಕೊ,” ಅನ್ನುತ್ತಿದ್ದಳು. ಮತ್ತೆ ಕೆಮ್ಮಿ ಬರುತ್ತಿದ್ದಳು, ಮತ್ತೆ ಏಳುತ್ತಿದ್ದೆ. “ಎಂಗಿದ್ದೀಯಪ್ಪ?” ಎಂದು ಗತ್ತಿನಲ್ಲಿ ಕೇಳಿದರೆ “ಚೆನ್ನಾಗಿದ್ದೀನಿ ಬುದ್ಧಿ” ಎಂದು ನಾಲಿಗೆ ತಾನೇ ಹೇಳಿಬಿಡುತ್ತಿತ್ತು. ನೋವಿದೆ ಎಂಬ ಮೂರಕ್ಷರ ಬಾಯಿಗೆ ಬರಲು ನನಗೆ ಹನ್ನೊಂದು ದಿನ ಹಿಡಿಯಿತು. ಬಂದ ದಿನ ಅವಳು ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಕೇಳಲಿಲ್ಲ.

ಹಿರೋಡೆಯವರೆಗೆ ಗಾಡಿ, ಅಲ್ಲಿಂದ ರೈಲು, ಶ್ರೀರಂಗಪಟ್ಟಣಕ್ಕೆ ಹೋದೆವು. ವಿಚಾರಣೆ ನಡೆಸುವ ಸಾಹೇಬರು ಕುರ್ಚಿಯಲ್ಲಿದ್ದರು. ಪಕ್ಕದ ಕುರ್ಚಿಯಲ್ಲಿ ಸಾಕ್ಷಿಗೆ ಕರೆಸಿದ್ದ ನಮ್ಮ ಡಾಕ್ಟರರು. ಅರ್ಜಿದಾರರಿಗೆ ಕುರ್ಚಿ ಎಲ್ಲಿಂದ ಬರಬೇಕು? ಒಳಗೆ ಹೋದವನೇ ನೆಲದ ಮೇಲೆ ಕುಳಿತುಬಿಟ್ಟೆ. ಜವಾನ ಹೌಹಾರಿ ಬಂದು ನನ್ನ ರಟ್ಟೆ ಹಿಡಿದ, ಎದ್ದೇಳು ಎಂದು ಗದರಿಸಿದ. ಕಾಲು ಏಳಲು ಹೊರಟೇ ಇತ್ತು. ಆಗ ನಾನು ಸಾಹೇಬರಿಗೆ ಹೇಳಿದೆ:

“ಬುದ್ಧಿ, ಎದ್ರೆ ನನ್ ಅರ್ಜಿ ಸುಳ್ಳಾಯ್ತದೆ. ಕುಂತ್ರೆ ತಮ್ಗೆ ಅಮರ್ಯಾದೆ ಆಯ್ತದೆ. ಯಾವ್ದು ಮಾಡ್ಲಿ ತಾವೇ ಅಪ್ಪಣೆ ಕೊಡ್ಸಿ.”

ಸಾಹೇಬರು ಕನ್ನಡಕ ತೆಗೆದರು. ಆಗ ಎದ್ದವರು ಇವರು, ಈ ಮಂಚಯ್ಯನವರು. ತಮ್ಮ ಕುರ್ಚಿಯನ್ನು ತಾವೇ ಎತ್ತಿ ತಂದು ನನ್ನ ಪಕ್ಕದಲ್ಲಿಟ್ಟರು. “ಸ್ವಾಮಿ, ಆ ದಿನ ಈತನಿಗೆ ಕೂತುಕೊಳ್ಳಪ್ಪ ಎಂದು ನಾನು ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ನನ್ನ ವರದಿ ಬೇರೆಯಾಗುತ್ತಿತ್ತು. ತಪ್ಪು ನನ್ನದು. ಇನ್ನೊಮ್ಮೆ ಪರೀಕ್ಷೆ ಮಾಡಲು ಅಪ್ಪಣೆಯಾಗಬೇಕು,” ಅಂದರು.

ತಾನು ಬರೆದದ್ದು ತಪ್ಪು ಎಂದು ಮೇಲಿನವರ ಎದುರಿಗೆ, ನನ್ನಂಥ ಕೂಲಿಯವನ ಮುಂದೆ ಹೇಳುವುದು ಸುಲಭವೇ? ನೀವು ಹೇಳುತ್ತಿದ್ದಿರೇ? ನಾನಾಗಿದ್ದರೆ ಹೇಳುತ್ತಿದ್ದೆನೇ? ನೋವಿದೆ ಎಂದು ಹೇಳಲಿಕ್ಕೇ ನನಗೆ ಹನ್ನೊಂದು ದಿನ ಬೇಕಾಯಿತು. ಇವರಿಗೆ ಒಂದು ಗಳಿಗೆ ಸಾಕಾಯಿತು.

ಪಕ್ಕದ ಕೋಣೆಯಲ್ಲಿ ಮಲಗಿಸಿ, ಕಾಲೆತ್ತಿಸಿ, ಎಲ್ಲಿ ನೋವು, ಎಷ್ಟು ನೋವು ಎಂದು ನಿಧಾನವಾಗಿ ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಮುಂದಿನ ತಿಂಗಳು ಹೊಸ ಆರ್ಡರು ಬಂತು. ಅದನ್ನು ನಾನೇ ಓದಿದೆ, ಸಿದ್ದಲಿಂಗಮ್ಮನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಅವಳ ಸುತ್ತಿಗೆ ಈಗ ಹಿತ್ತಲ ಬಾಗಿಲು ಗಾಳಿಗೆ ಬಡಿಯದ ಹಾಗೆ ತಡೆಯುವುದಕ್ಕೆ ಮಾತ್ರ ಇದೆ. ನಾನು ವಾಚನಾಲಯ ನೋಡಿಕೊಳ್ಳುತ್ತಾ ನಿಮ್ಮ ಅರ್ಜಿಗಳನ್ನು ಬರೆಯುತ್ತಿದ್ದೇನೆ. ಔಷಧಾಲಯದ ಜಗಲಿಯಲ್ಲಿರುವ ಬೆಂಚು ಬಂದದ್ದೂ ಆ ವರ್ಷವೇ. ಅಂದಿನಿಂದ ಡಾಕ್ಟರರು ಯಾರು ಬಂದರೂ ಮೊದಲು ಕೂತುಕೊಳ್ಳಿ ಅನ್ನುತ್ತಾರೆ, ಆಮೇಲೆ ನಾಡಿ ಹಿಡಿಯುತ್ತಾರೆ. ನಾಗಮಂಗಲದವರು ಪುಣ್ಯ ಮಾಡಿದ್ದಾರೆ.

ಸ್ವಾಮಿ, ನಿಮ್ಮ ಮೇಜಿನ ಮೇಲಿರುವ ಹಲಸಿನ ಹಣ್ಣು ಅದೇ ಮರದ್ದು. ಹೊತ್ತು ತಂದವಳು ಸಿದ್ದಲಿಂಗಮ್ಮ. ನಾನು ಬೆರಳೂ ತಾಗಿಸಿಲ್ಲ, ಇಡೀ ಸಭೆಯೇ ಸಾಕ್ಷಿ. ಈ ಸಲವಾದರೂ ತಾವು ಒಂದು ತೊಳೆ ತಿನ್ನಬೇಕು.

ಕೊನೆಯದಾಗಿ ಒಂದು ಬಿನ್ನಹ. ಆ ವಿಚಾರಣೆಯ ದಿನದಿಂದ ನಾನು ಯಾರಿಗೂ ಎದ್ದು ನಿಂತಿಲ್ಲ. ಈಗ ಒಂದು ಸಲ ಏಳುತ್ತೇನೆ. ಸಿದ್ದಲಿಂಗಮ್ಮ, ಆ ಕೋಲು ಇತ್ತ ಕೊಡು. ಇದು ದೊಡ್ಡವರೆಂಬ ಭಯಕ್ಕಲ್ಲ, ನನ್ನ ಬಿಂಕಕ್ಕೂ ಅಲ್ಲ. ಮಂಚಯ್ಯನವರೇ, ಇದು ನಿಮಗಾಗಿ. ನೋವಾಗುತ್ತಿದೆ, ಹೇಳಿಯೇ ನಿಲ್ಲುತ್ತಿದ್ದೇನೆ.

ಇಷ್ಟು ಹೊತ್ತು ಕೇಳಿದ ತಮಗೆಲ್ಲ ನಾನು ಋಣಿ. ಪರಿಹಾರದ ಸಲುವಾಗಿ ವರ್ಷಾವರ್ಷ ನನ್ನ ತಪಾಸಣೆ ನಡೆಯುತ್ತದೆ, ಆದ್ದರಿಂದ ಅಂದಾನಯ್ಯ ಎದ್ದು ನಿಂತ ಎಂಬುದನ್ನು ಮಾತ್ರ ಕಾರ್ಯದರ್ಶಿಗಳು ಸಭೆಯ ವರದಿಯಲ್ಲಿ ದಯವಿಟ್ಟು ಬರೆಯಬಾರದು.

ನಮಸ್ಕಾರ.