ಹೆಣ್ಣು ನೋಡುವ ದಿನದ ಚಹಾ

ಮುಂಡರಗಿ ಬಸ್ಸಿನಲ್ಲಿ ಆರತಿಯ ಮುಂದಿನ ಸೀಟಿಗೆ ಒಬ್ಬ ಹುಡುಗಿಯೂ ಅವಳ ದೊಡ್ಡವ್ವನೂ ಬಂದು ಕುಳಿತರು. ಪರರ ಮಾತು ಕೇಳಬಾರದೆಂದು ಆರತಿ ಕಿಟಕಿಯತ್ತ ತಿರುಗಿದಳು. ಕಿವಿ ಮಾತ್ರ ತಿರುಗಲಿಲ್ಲ.

“ಈ ಲಿಪ್‌ಸ್ಟಿಕ್ ನೀನೂ ಹಚ್ಕೋ ದೊಡ್ಡವ್ವಾ. ಪ್ರಾಣಿ ಕೊಬ್ಬಿಲ್ಲ, ಮೊಲಕ್ಕ ಹಚ್ಚಿ ಪರೀಕ್ಷಾ ಮಾಡಿಲ್ಲ. ಒಂದ್ ಜೀವಕ್ಕೂ ತ್ರಾಸಿಲ್ಲ.”

“ಮೊಲದ ಮ್ಯಾಲೆ ಇಷ್ಟು ಕರುಣಾ ಇದ್ದಾಕಿ, ಗಂಡಿನವ್ರಿಗೆ ಆ ಸಿನಿಮಾ ಯಾಕ ನೋಡ್ರಿ ಅಂದಿ?”

“ಹೊನ್ನೇಶ ಅವ್ರು ಛಲೋ ಸಿನಿಮಾ ಹೇಳು ಅಂದ್ರು. ಲಂಡನ್ ಕಡೀದು, ಭಾಳ ನಗಿ ಬರ್ತೈತಿ ಅಂದೆ. ಮನಿಮಂದೀನೆಲ್ಲಾ ಕುಂಡ್ರಿಸ್ಕೊಂಡು ನೋಡ್ತಾರಂತ ನನಗೇನು ಗೊತ್ತು?”

“ಅದರಾಗ ಸೊಸಿ ಚಾದಾಗ ವಿಷ ಹಾಕಿ ಅತ್ತೀನ ಕೊಲ್ತಾಳ. ಅದಕ್ಕ ನಗೂದೇನ?”

“ಕೊಂದಿದ್ದಕ್ಕಲ್ಲ. ಅತ್ತಿ ಸತ್ತ ಮ್ಯಾಲೂ ‘ಬಿಸ್ಕೀಟ್ ತಗೋರಿ’ ಅಂತ ಉಪಚಾರ ಮಾಡ್ತಾಳಲ್ಲ, ಅದಕ್ಕ.”

“ಉಪಚಾರ ಅಂತ! ಇವತ್ತ ನಿನ್ನ ನೋಡಾಕ ಬರಾಕತ್ತಾರ. ಚಾ ನೀನ ತಂದು ಕೊಡಬೇಕು. ಮುಂಜಾನಿ ಹುಡುಗನ ಅವ್ವ ಫೋನ್ ಮಾಡಿ, ‘ನಾವು ಚಾ ಕುಡದ ಬರ್ತೇವ್ರಿ’ ಅಂದ್ರು.”

ಹುಡುಗಿಯ ದನಿ ಸಪ್ಪಗಾಯಿತು. “ಹಂಗಾರ ಆತು ಬಿಡು, ಈ ಸಂಬಂಧ ಮುರೀತು.”

ಆರತಿಯ ಮುಷ್ಟಿಯಲ್ಲಿ ಟಿಕೆಟ್ಟು ಮುದ್ದೆಯಾಯಿತು. ಅಷ್ಟರಲ್ಲಿ ಹುಡುಗಿಯ ಫೋನು ಸದ್ದು ಮಾಡಿತು. ಓದಿದವಳು ಬಾಯಿ ಮುಚ್ಚಿಕೊಂಡು ನಕ್ಕಳು.

“ಹೊನ್ನೇಶ ಅವ್ರು ಬರದಾರ. ‘ಅವ್ವ ಕುಡೀಲಿಲ್ಲಂದ್ರ ಆಕೀ ಕಪ್ಪೂ ನಾನ ಕುಡೀತೀನಿ’ ಅಂತ.”

ದೊಡ್ಡವ್ವ ಕೈ ಚಾಚಿದಳು.

“ತಾ ಇಲ್ಲೆ ಆ ಲಿಪ್‌ಸ್ಟಿಕ್. ಅವ್ರು ಬಂದಾಗ ಸಿನಿಮಾದ್ದು ಸುದ್ದಿ ತಗೀಬ್ಯಾಡ, ಮೊಲದ್ದಷ್ಟ ಹೇಳು.”

ಡಂಬಳದಲ್ಲಿ ಬಸ್ಸು ನಿಂತಿತು. ಇಬ್ಬರೂ ಕೆಂಪು ತುಟಿಯಲ್ಲಿ ಇಳಿದು ಹೋದರು.