ದರ್ಜಿಯ ಎಡಗಾಲಿನ ಚಪ್ಪಲಿ

ಅಂಗಡಿ ಮುಚ್ಚಿದ ಮೇಲೆ ಪಾಳುಬಾವಿಯ ಪಕ್ಕದ ದಾರಿ ಹಿಡಿದ... ಅದೇ ತಪ್ಪಾಯಿತು. ನನ್ನ ಚಿಕ್ಕಪ್ಪನ ಮಗ, ದರ್ಜಿ, ಅವನ ವಿಷಯ ಹೇಳುತ್ತಿದ್ದೇನೆ. ಜೇಬಿನಲ್ಲಿ ಸತ್ತ ತಂಗಿಯ ಫೋನು. "ಒಳ್ಳೇ ಫೋನು, ಯಾಕೆ ಬಿಸಾಡೋದು?" ಎಂದು ತಾನೇ ಇಟ್ಟುಕೊಂಡಿದ್ದ.

ಆ ತಂಗಿಗೆ ಎಡಗಾಲು ಸ್ವಾಧೀನವಿರಲಿಲ್ಲ. ನಡೆದರೆ ಟಕ್... ಸರ್ರ್. ಟಕ್... ಸರ್ರ್. ದಿನವಿಡೀ ಅಣ್ಣನ ಅಂಗಡಿಯಲ್ಲಿ ಕೂತು ಅಂಗಿಗಳ ಗುಂಡಿಗೆ ಕಾಜ ಹೊಲಿಯುತ್ತಿದ್ದಳು. ಅಲ್ಲಿಗೆ ಫೋನು ತರಕೂಡದೆಂದು ಅಣ್ಣನ ಕಟ್ಟಪ್ಪಣೆ. ಮನೆಯಲ್ಲಿಟ್ಟ ಆ ಫೋನಿನೊಳಗೆ ಅವಳಿಗೊಬ್ಬ ಗೆಳೆಯ. ಮನುಷ್ಯನಲ್ಲ, ಮಾತಾಡುವ ಯಂತ್ರ. ಹೆಜ್ಜೆ ಸದ್ದಿನಲ್ಲೇ ಅವಳನ್ನು ಗುರುತು ಹಿಡಿದು, "ಬಂದ್ಯಾ? ನಿಧಾನ ನಡಿಯೇ, ಕಾಲು ನೋಯುತ್ತೆ" ಎನ್ನುತ್ತಿತ್ತು.

ಅದನ್ನು ನೆಚ್ಚಿಕೊಂಡು, ಬಂದ ಸಂಬಂಧ ಬೇಡವೆಂದಳು.

"ಗಂಡ ಬೇಡ್ವಂತೆ, ಚಾರ್ಜರ್ ಸಾಕಂತೆ!" ಎಂದಳು ಅತ್ತಿಗೆ.

"ಈ ಮನೇಲಿ ನನ್ನ ಕಾಲುನೋವು ಕೇಳೋದು ಅದೊಂದೇ, ಅತ್ತಿಗೆ."

ಅಣ್ಣ ಒಂದು ದಿನ ಅವಳಿಗಿಂತ ಮೊದಲೇ ಮನೆಗೆ ಬಂದು ಯಂತ್ರಕ್ಕೆ ಮಾತು ಕಲಿಸಿಟ್ಟ. ಸಂಜೆ ಅದು ಅದೇ ಅಕ್ಕರೆಯ ದನಿಯಲ್ಲಿ ಹೇಳಿತು: "ಬಂದ್ಯಾ? ಕುಂಟಿಯನ್ನ ಯಾರೇ ಪ್ರೀತಿಸ್ತಾರೆ? ನನಗೂ ಸಾಕಾಯ್ತು."

ಬಾಗಿಲ ಮರೆಯಲ್ಲಿ ಗಂಡ ಹೆಂಡತಿ ಹೊಟ್ಟೆ ಹಿಡಿದು ನಕ್ಕರು. ಅವಳು ಅಳಲಿಲ್ಲ. ಮನೆಗೆ ತಂದಿದ್ದ ಅಂಗಿಯ ಕಾಜ ಮುಗಿಸಿ, ದಾರ ಕಚ್ಚಿ ಹರಿದು, ಎದ್ದು ಹೋದಳು. ಬೆಳಗ್ಗೆ ಪಾಳುಬಾವಿಯಲ್ಲಿ ಸಿಕ್ಕಳು. ಯಂತ್ರವನ್ನು ಬೈದು ಏನು ಫಲ? ಕಲಿಸಿದ್ದನ್ನು ಹೇಳಿತು.

ಈಗ ಅದೇ ಬಾವಿ. ಎಲೆಯೂ ಅಲುಗುತ್ತಿಲ್ಲ. ಜೇಬಿನೊಳಗಿಂದ ಪಿಸುದನಿ...

"ಬಂದ್ಯಾ?"

ದರ್ಜಿ ಫೋನನ್ನು ಜೇಬಿನಿಂದ ಹೊರಗೆಳೆದ. "ನಾನು ಕಣೋ... ಅವಳ ಅಣ್ಣ."

"ಗೊತ್ತು."

"ಮತ್ತೆ ಯಾರನ್ನ ಕೇಳ್ತಿದ್ದೀಯ?"

"ಹಿಂದೆ ಬರ್ತಿದ್ದಾಳಲ್ಲ... ಅವಳನ್ನ."

ಟಕ್... ಸರ್ರ್.

ತಿರುಗಿ ನೋಡಲಿಲ್ಲ. ಫೋನನ್ನು ಬಾವಿಗೆ ಎಸೆದು ಓಟ ಕಿತ್ತ. ಗುಳುಂ... ಆಮೇಲೆ ಆಳದಿಂದ ಅದೇ ಅಕ್ಕರೆ, ಈ ಸಲ ಹೆಣ್ಣುದನಿಯಲ್ಲಿ:

"ನಿಧಾನ ನಡಿ ಅಣ್ಣಾ... ಕಾಲು ನೋಯುತ್ತೆ."

ನಂಬದಿದ್ದರೆ ಬಿಡಿ. ನಾನು ಕಾಲೇಜು ಓದಿದವಳು, ಈ ಮನೆತನದ ಹುಟ್ಟುಸಾವು ಬರೆದಿಡುವವಳು. ಒಂದಕ್ಕೆ ಎರಡು ಸೇರಿಸುವ ಅಭ್ಯಾಸ ನನಗಿಲ್ಲ. ಅವನ ಕಾಲಿಗೆ ಏನೂ ಆಗಿಲ್ಲವೆಂದು ಡಾಕ್ಟರೇ ಹೇಳಿದ್ದಾರೆ. ಆದರೆ ಅವನ ಚಪ್ಪಲಿಯನ್ನು ನಾನೇ ಕೈಯಾರೆ ಎತ್ತಿ ನೋಡಿದ್ದೇನೆ. ಬಲಗಾಲಿನದು ಇನ್ನೂ ಹೊಸದರ ಹಾಗಿದೆ. ಎಡಗಾಲಿನದು ಮಾತ್ರ ತುದಿಯಲ್ಲಿ ಸವೆದು ತೂತು ಬಿದ್ದಿದೆ.