ನಿಧಾನವಾಗಿ ಏಳಬೇಕು

ಗಂಗಾನಗರದ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದ ಪ್ರತಿಭಾಳ ಕಿವಿಗೆ ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತು ಬಿತ್ತು.

“ಮಾವ ಬಂದ್ರೆ ಎದ್ದು ನಿಲ್ಲಕ್ಕೂ ಮೈಭಾರನಾ ರಾಧಾಮಣಿ?”

“ಬಿಪಿ ಮಾತ್ರೆ ತಗೊಳ್ಳೋರು ತಟ್ ಅಂತ ಏಳ್ಬಾರ್ದಂತೆ ಅತ್ತೆ. ತಲೆ ತಿರುಗುತ್ತೆ, ನಿಧಾನವಾಗಿ ಏಳಮ್ಮ ಅಂತ ಡಾಕ್ಟ್ರೇ ಹೇಳವ್ರೆ.”

“ಡಾಕ್ಟ್ರು ನಿನ್ ಮಾವನಿಗಿಂತ ದೊಡ್ಡೋರಾ?”

“ಮೊನ್ನೆ ಅಡುಗೆಮನೇಲಿ ಬಿದ್ದೆನಲ್ಲ ಅತ್ತೆ.”

“ಬಿದ್ದೋಳು ಸಾಯ್ಲಿಲ್ವಲ್ಲ. ಅಗೋ, ಬಂದ್ರು. ಏಳೇ!”

ರಾಧಾಮಣಿ ಸೆರಗು ಹೊದ್ದು ದಡಕ್ಕನೆ ಎದ್ದಳು. ಕಣ್ಣು ಕತ್ತಲಿಟ್ಟಿತು, ಬುಡ ಕಡಿದ ಬಾಳೆಯಂತೆ ಮಾವನ ಚಪ್ಪಲಿಯ ಮುಂದೆ ಉರುಳಿದಳು. ಹಣೆಯೊಡೆದು ರಕ್ತ ಬಂತು.

ಮಾವ ಕಾಲು ಹಿಂದೆಗೆದುಕೊಂಡರು.

“ಇವತ್ತಾದ್ರೂ ಕಾಲಿಗೆ ಬಿದ್ಲಲ್ಲ, ಆಶೀರ್ವಾದ ಮಾಡಿ ಬನ್ನಿ,” ಎಂದು ಅತ್ತೆ ಗಂಡನನ್ನು ಕರೆದುಕೊಂಡು ಡಾಕ್ಟರ ಕೋಣೆಗೆ ನಡೆದರು.